ಕ್ಷಯರೋಗಿಯ ಮನೆಯವರ ರಕ್ಷಣೆ: ಒಂದು ವಿವೇಚನೆ

ರೋಗವು ಒಬ್ಬನಿಗೆ ಬಂದಿತೆಂದು ಹೇಳುವುದು ಲೋಕರೂಢಿ. ಮೂಳೆ ಮುರಿದವನ, ಹೊಟ್ಟೆನೋವಿನಿಂದ ನರಳುವವನ ವಿಷಯದಲ್ಲಿ ಈ ಮಾತು ಸರಿಯೇ. ಕ್ಷಯದ ಮಟ್ಟಿಗೆ ಮಾತ್ರ ಇದು ಅರ್ಧಸತ್ಯ. ಕ್ಷಯವು ಒಬ್ಬನ ಶ್ವಾಸಕೋಶದಲ್ಲಿ ಪ್ರಕಟವಾಗಿ, ಕಫದ ಪರೀಕ್ಷೆಯಲ್ಲಿ ದೃಢಪಟ್ಟು, ಅವನ ಹೆಸರು ಆಸ್ಪತ್ರೆಯ ದಾಖಲೆ ಸೇರುವ ವೇಳೆಗೆ, ಅವನೊಡನೆ ಒಂದೇ ಸೂರಿನಡಿ ಉಸಿರಾಡಿದವರಲ್ಲಿ ಹಲವರ ದೇಹವನ್ನು ಆ ರೋಗಾಣು ಆಗಲೇ ಹೊಕ್ಕಿರುತ್ತದೆ. ದಾಖಲೆಯಲ್ಲಿ ಕಾಣುವ ಹೆಸರು ಒಂದೇ ಆದರೂ, ಅಪಾಯಕ್ಕೆ ಗುರಿಯಾದುದು ಇಡೀ ಮನೆ.

ಅರಮನೆಯ ಗೋಡೆಗಳೂ ಇದನ್ನು ತಡೆಯಲಾರದೆ ಹೋದವು. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರೂ ಅವರ ಹೆಣ್ಣುಮಕ್ಕಳೂ ಇದೇ ರೋಗಕ್ಕೆ ಬಲಿಯಾದರು. ಅವರ ಸ್ಮರಣಾರ್ಥವಾಗಿ ಮೈಸೂರಿನಲ್ಲಿ 1921ರಲ್ಲಿ ಆರಂಭವಾದ ಕ್ಷಯಾರೋಗ್ಯಾಶ್ರಮಕ್ಕೆ ಆ ರಾಜಕುಮಾರಿಯ ಹೆಸರನ್ನೇ ಇಡಲಾಯಿತು. ಅಂದು ಈ ರೋಗಕ್ಕೆ ಮದ್ದಿರಲಿಲ್ಲ. ತಾಯಿಯಿಂದ ಮಕ್ಕಳಿಗೆ ರೋಗ ಸಾಗುವುದನ್ನು ಅರಮನೆಯ ವೈದ್ಯರೂ ಕೈಕಟ್ಟಿ ನೋಡಬೇಕಾಗಿತ್ತು. ಇಂದು ಮದ್ದಿದೆ, ಅದು ಸರಕಾರಿ ಆಸ್ಪತ್ರೆಗಳಲ್ಲಿ ಬೆಲೆಯಿಲ್ಲದೆ ದೊರೆಯುತ್ತದೆ. ಹೀಗಿದ್ದೂ ರೋಗಿಯ ಮನೆಯವರಲ್ಲಿ ಹೆಚ್ಚಿನವರಿಗೆ ಅದು ಏಕೆ ತಲುಪುತ್ತಿಲ್ಲ, ತಲುಪಬೇಕಾದರೆ ಏನು ಮಾಡಬೇಕು ಎಂಬುದನ್ನು ವಿವೇಚಿಸುವುದೇ ಪ್ರಕೃತ ಲೇಖನದ ಉದ್ದೇಶ. ನಮ್ಮ ಬಾಗಲಗುಂಟೆಯಂತಹ ಸ್ಥಳದಲ್ಲಿ, ಶ್ರೀಮಠದ ಆಶ್ರಯದ ಶಾಲೆಯೊಂದರ ಸಂಚಿಕೆಯಲ್ಲಿ, ಈ ವಿವೇಚನೆಗೆ ವಿಶೇಷ ಔಚಿತ್ಯವಿದೆಯೆಂದು ನಂಬಿದ್ದೇವೆ.

ಸೋಂಕು ಬೇರೆ, ರೋಗ ಬೇರೆ

ಜರ್ಮನಿಯ ರಾಬರ್ಟ್ ಕಾಖ್ ಎಂಬ ವಿಜ್ಞಾನಿ 1882ರ ಮಾರ್ಚ್ 24ರಂದು ಕ್ಷಯದ ರೋಗಾಣುವನ್ನು ಲೋಕಕ್ಕೆ ತೋರಿಸಿಕೊಟ್ಟನು. ಶ್ವಾಸಕೋಶದ ಕ್ಷಯವುಳ್ಳವನು ಕೆಮ್ಮಿದಾಗ, ಸೀನಿದಾಗ, ಗಟ್ಟಿಯಾಗಿ ಮಾತನಾಡಿದಾಗ ಅತಿ ಸೂಕ್ಷ್ಮವಾದ ತುಂತುರುಗಳಲ್ಲಿ ಈ ರೋಗಾಣು ಗಾಳಿಗೆ ಸೇರುತ್ತದೆ. ಗಾಳಿಬೆಳಕಿಲ್ಲದ ಕೋಣೆಯಲ್ಲಿ ಅದು ಗಂಟೆಗಟ್ಟಲೆ ತೇಲಾಡುತ್ತಿರಬಲ್ಲುದು. ಅದನ್ನು ಉಸಿರಿನೊಡನೆ ಒಳಗೆಳೆದುಕೊಂಡವರಿಗೆಲ್ಲ ರೋಗ ಬರುವುದಿಲ್ಲ. ಬಹುಮಂದಿಯಲ್ಲಿ ದೇಹದ ರಕ್ಷಣಾಶಕ್ತಿಯು ರೋಗಾಣುವನ್ನು ಸುತ್ತುವರಿದು ಸುಮ್ಮನಾಗಿಸುತ್ತದೆ. ಆದರೆ ಅದು ಸತ್ತಿರುವುದಿಲ್ಲ. ಬೂದಿ ಮುಚ್ಚಿದ ಕೆಂಡದಂತೆ ಒಳಗೇ ಉಳಿದಿರುತ್ತದೆ. ಈ ಸ್ಥಿತಿಗೆ ಸೋಂಕು ಎಂದು ಹೆಸರು. ಸೋಂಕು ಮಾತ್ರ ಇರುವವನಿಗೆ ಕೆಮ್ಮಿಲ್ಲ, ಜ್ವರವಿಲ್ಲ. ಅವನಿಂದ ಇತರರಿಗೆ ರೋಗ ಹರಡುವುದೂ ಇಲ್ಲ.

ಸೋಂಕುಳ್ಳ ನೂರು ಮಂದಿಯಲ್ಲಿ ಐದರಿಂದ ಹತ್ತು ಮಂದಿಗೆ ಜೀವಮಾನದಲ್ಲಿ ಎಂದಾದರೊಮ್ಮೆ ಕೆಂಡ ಹೊತ್ತಿಕೊಳ್ಳುತ್ತದೆ. ಹಾಗೆ ಹೊತ್ತಿಕೊಳ್ಳುವ ಸಂಭವ ಸೋಂಕು ತಗುಲಿದ ಮೊದಲ ಎರಡು ವರ್ಷಗಳಲ್ಲಿ ಅತ್ಯಧಿಕ. ಐದು ವರ್ಷದೊಳಗಿನ ಮಕ್ಕಳು, ಎಚ್.ಐ.ವಿ. ಸೋಂಕಿತರು, ಮಧುಮೇಹಿಗಳು, ಹೊಟ್ಟೆಗೆ ಸಾಲದವರು, ಕಲ್ಲುಪುಡಿ ಹಾಗೂ ಎರಕದ ಮರಳಿನ ದೂಳಿನಲ್ಲಿ ದುಡಿಯುವವರು, ಇವರಲ್ಲಿ ಅಪಾಯ ಮತ್ತೂ ಹೆಚ್ಚು. ಭಾರತದಲ್ಲಿ 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಹದಿನೈದು ವರ್ಷ ಮೇಲ್ಪಟ್ಟವರ ಪೈಕಿ ಶೇ. 31ರಷ್ಟು ಮಂದಿಯಲ್ಲಿ ಸೋಂಕು ಕಂಡುಬಂದಿತು. ರೋಗಿಯ ಮನೆಯವರಲ್ಲಿ ಈ ಪ್ರಮಾಣ ಇನ್ನೂ ಏರುತ್ತದೆ. ಬಡ ಹಾಗೂ ಮಧ್ಯಮ ಆದಾಯದ ದೇಶಗಳ ಅಧ್ಯಯನಗಳನ್ನು 2013ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ರೋಗಿಯ ಸಂಪರ್ಕದಲ್ಲಿದ್ದವರ ಪೈಕಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಸೋಂಕು ತಗುಲಿತ್ತು. ನೂರಕ್ಕೆ ಮೂವರಿಗೆ ರೋಗವೇ ಇತ್ತು.

ನಮ್ಮ ನೆಲದ ಸಂಶೋಧನೆಗಳು ಕಲಿಸಿದ್ದೇನು?

ಕ್ಷಯದ ವಿಷಯದಲ್ಲಿ ಜಗತ್ತಿಗೆ ಪಾಠ ಹೇಳಿದ ಕೆಲವು ಸಂಶೋಧನೆಗಳು ನಡೆದದ್ದು ನಮ್ಮ ಸುತ್ತಮುತ್ತಲಿನ ಹಳ್ಳಿಗಳಲ್ಲಿಯೇ ಎಂಬುದು ಅನೇಕರಿಗೆ ತಿಳಿಯದು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯು ಸ್ಥಾಪನೆಗೊಂಡಿತು. ಅದರ ಸಂಶೋಧಕರು 1960-61ರಲ್ಲಿ ತುಮಕೂರು ಜಿಲ್ಲೆಯಲ್ಲಿ ಸಮೀಕ್ಷೆ ನಡೆಸಿದರು. ಅನಂತರ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಿಗೆ ಮತ್ತೆ ಮತ್ತೆ ಹೋಗಿ, ಅದೇ ಜನರನ್ನು ಪರೀಕ್ಷಿಸಿದರು. ಅಂದು ಕಫದಲ್ಲಿ ರೋಗಾಣು ಕಂಡವರ ಪೈಕಿ, ಐದು ವರ್ಷಗಳಲ್ಲಿ ಸುಮಾರು ಅರ್ಧದಷ್ಟು ಮಂದಿ ತೀರಿಹೋಗಿದ್ದರು. ಮೂರನೆಯ ಒಂದು ಪಾಲು ತಾವಾಗಿ ಗುಣಹೊಂದಿದ್ದರು. ಉಳಿದವರು ರೋಗಾಣುವನ್ನು ಹೊರಚೆಲ್ಲುತ್ತಲೇ ಇದ್ದರು. ಚಿಕಿತ್ಸೆಯ ಬೆಂಬಲವಿಲ್ಲದ ಕ್ಷಯದ ಸ್ವಭಾವವೇನೆಂಬುದಕ್ಕೆ ಈ ಅಂಕಿಗಳನ್ನು ಇಂದಿಗೂ ವೈದ್ಯಗ್ರಂಥಗಳು ಸ್ಮರಿಸುತ್ತವೆ.

ತುಮಕೂರಿನ ಸಮೀಕ್ಷೆಯನ್ನು ಅನುಸರಿಸಿ ನಡೆದ ಇನ್ನೊಂದು ಅಧ್ಯಯನವು 1963ರಲ್ಲಿ ಪ್ರಕಟವಾಯಿತು. ಹಳ್ಳಿಯ ಜನ ಅಜ್ಞಾನಿಗಳು, ರೋಗದ ಅರಿವಿಲ್ಲದವರು ಎಂಬ ಅಂದಿನ ಭಾವನೆಯನ್ನು ಅದು ಅಲುಗಾಡಿಸಿತು. ರೋಗಿಗಳಲ್ಲಿ ಬಹುಮಂದಿಗೆ ತಮ್ಮ ದೇಹದಲ್ಲಿ ಏನೋ ಕೆಟ್ಟಿದೆಯೆಂಬ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ಅದಕ್ಕಾಗಿ ವೈದ್ಯರ ಬಾಗಿಲಿಗೂ ಹೋಗಿಬಂದಿದ್ದರು. ನರಳುವವನು ಪರಿಹಾರವನ್ನು ಅರಸಿ ಹೊರಡುತ್ತಾನೆ. ಅವನು ಬಂದಾಗ ಸರಿಯಾಗಿ ಪರೀಕ್ಷಿಸಿ ಔಷಧ ಕೊಟ್ಟರೆ ಸಾಕು ಎಂಬ ತತ್ತ್ವವು ಇದರಿಂದ ಮೂಡಿತು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮಕ್ಕೆ ಇದೇ ಆಧಾರವಾಯಿತು. ಆ ತತ್ತ್ವದಲ್ಲಿ ದೊಡ್ಡ ಸತ್ಯವಿದೆ. ಆದರೆ ನಮ್ಮ ಪ್ರಸ್ತುತ ವಿಷಯಕ್ಕೆ ಬಂದಾಗ ಅದರ ಮಿತಿಯೂ ಕಾಣುತ್ತದೆ. ಸೋಂಕು ಮಾತ್ರ ಉಳ್ಳವನಿಗೆ ನರಳಿಕೆಯೇ ಇಲ್ಲ. ಅವನು ಆಸ್ಪತ್ರೆಯನ್ನು ಅರಸಿ ಏಕೆ ಬಂದಾನು? ನರಳುವವನಿಗಾಗಿ ಬಾಗಿಲು ತೆರೆದಿಟ್ಟರೆ ಸಾಕಾಗಬಹುದು. ನರಳದವನ ಬಾಗಿಲಿಗೆ ನಾವೇ ಹೋಗಬೇಕು. ಮೇಲೆ ಹೇಳಿದ 2019-21ರ ಸಮೀಕ್ಷೆಯಲ್ಲಿ ಲಕ್ಷಣಗಳಿದ್ದವರ ಪೈಕಿಯೂ ಶೇ. 64ರಷ್ಟು ಮಂದಿ ಚಿಕಿತ್ಸೆಗಾಗಿ ಎಲ್ಲಿಗೂ ಹೋಗಿರಲಿಲ್ಲ. ಹೀಗಿರುವಾಗ ಲಕ್ಷಣಗಳೇ ಇಲ್ಲದವರ ಮಾತನ್ನು ಬೇರೆ ಹೇಳಬೇಕಾಗಿಲ್ಲ.

ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಕ್ಷಯರೋಗ ಚಿಕಿತ್ಸಾ ಸಂಶೋಧನ ಕೇಂದ್ರದ ಅಧ್ಯಯನವೂ ಇಲ್ಲಿ ಸ್ಮರಣೀಯ. ಬಡ ಬೀದಿಗಳ ರೋಗಿಗಳಲ್ಲಿ ಕೆಲವರನ್ನು ಆರೋಗ್ಯಾಶ್ರಮದಲ್ಲಿಟ್ಟು, ಕೆಲವರಿಗೆ ಮನೆಯಲ್ಲಿಯೇ ಔಷಧ ಕೊಟ್ಟು, ಇಬ್ಬರ ಮನೆಯವರನ್ನೂ ಐದು ವರ್ಷಗಳ ಕಾಲ ಗಮನಿಸಲಾಯಿತು. ರೋಗಿಯನ್ನು ಮನೆಯಲ್ಲಿ ಇಟ್ಟುಕೊಂಡವರಿಗೆ, ಹೊರಗೆ ಕಳುಹಿಸಿದವರಿಗಿಂತ ಹೆಚ್ಚು ಕೇಡಾಗಲಿಲ್ಲ. ಇದರಿಂದ ಎರಡು ಪಾಠಗಳು ದೊರೆತವು. ಸರಿಯಾದ ಔಷಧ ಆರಂಭವಾದರೆ ರೋಗಿಯಿಂದಾಗುವ ಹರಡುವಿಕೆ ಬೇಗನೆ ಕುಗ್ಗುವುದರಿಂದ ಅವನನ್ನು ಮನೆಯಿಂದ ಹೊರಗಟ್ಟುವುದು ಅನವಶ್ಯಕ. ಅದು ಕ್ರೌರ್ಯವೂ ಹೌದು. ಎರಡನೆಯದು, ಮನೆಯವರಿಗೆ ತಗುಲಬೇಕಾದ ಸೋಂಕು ಬಹುಮಟ್ಟಿಗೆ ರೋಗ ಪತ್ತೆಯಾಗುವ ಮೊದಲೇ ತಗುಲಿರುತ್ತದೆ. ಆದುದರಿಂದ ಮುಂದಿನ ಕೆಲಸ ನಡೆಯಬೇಕಾದುದು ಆ ಮನೆಯವರಲ್ಲಿ.

ಬಿ.ಸಿ.ಜಿ. ಲಸಿಕೆ ಹಾಕಿಸಿದ್ದೇವೆ, ಭಯವೇಕೆ ಎಂದು ಕೇಳುವವರುಂಟು. ತಮಿಳುನಾಡಿನ ಚೆಂಗಲ್‌ಪಟ್ಟು ಜಿಲ್ಲೆಯಲ್ಲಿ ನಡೆದ ದೊಡ್ಡ ಪ್ರಯೋಗದ ಫಲಿತಾಂಶವು 1979-80ರಲ್ಲಿ ಹೊರಬಂದಾಗ, ವಯಸ್ಕರ ಶ್ವಾಸಕೋಶದ ಕ್ಷಯವನ್ನು ಈ ಲಸಿಕೆ ತಡೆಯಲಿಲ್ಲವೆಂಬುದು ವಿದಿತವಾಯಿತು. ಎಳೆಯ ಮಕ್ಕಳಲ್ಲಿ ಮಿದುಳಿನ ಪೊರೆಗೆ ತಗುಲುವ ಕ್ಷಯದಂತಹ ಘೋರ ರೂಪಗಳಿಂದ ಅದು ರಕ್ಷಣೆ ನೀಡುತ್ತದೆ. ಆದುದರಿಂದ ಲಸಿಕೆಯನ್ನು ಬಿಡಬಾರದು. ಆದರೆ ಅದನ್ನೇ ನಂಬಿ ಮನೆಯ ಉಳಿದ ಕರ್ತವ್ಯಗಳನ್ನು ಮರೆಯುವುದು ಸಲ್ಲದು.

ಮುನ್ನೆಚ್ಚರಿಕೆಯ ಚಿಕಿತ್ಸೆಯ ಕ್ರಮ

ಐಸೋನಿಯಾಜಿಡ್ ಎಂಬ ಔಷಧವು 1952ರಲ್ಲಿ ಬಳಕೆಗೆ ಬಂದಿತು. ರೋಗವನ್ನು ಗುಣಪಡಿಸುವ ಈ ಮಾತ್ರೆಯು, ಸೋಂಕು ರೋಗವಾಗಿ ಬೆಳೆಯುವುದನ್ನೂ ತಡೆಯಬಹುದೇ ಎಂಬ ಪ್ರಶ್ನೆ ಬೇಗನೆ ಹುಟ್ಟಿತು. ಅಮೆರಿಕದ ಅಲಾಸ್ಕದ ಬೆತೆಲ್ ಪ್ರದೇಶದಲ್ಲಿ ಡಾ. ಜಾರ್ಜ್ ಕಾಮ್‌ಸ್ಟಾಕ್ ಅವರ ನೇತೃತ್ವದಲ್ಲಿ 1957ರಿಂದ ನಡೆದ ಪ್ರಯೋಗವೂ, ಆ ಕಾಲದ ಇತರ ಪ್ರಯೋಗಗಳೂ ಇದಕ್ಕೆ ಸಕಾರಾತ್ಮಕ ಉತ್ತರ ಕೊಟ್ಟವು. ಮಾತ್ರೆಯನ್ನು ಕ್ರಮವಾಗಿ ಸೇವಿಸಿದವರಲ್ಲಿ ಸುಮಾರು ಶೇ. 60ರಷ್ಟು ರೋಗ ತಪ್ಪುತ್ತದೆಂಬುದು ಈ ಪ್ರಯೋಗಗಳ ಸಾರ. ನಮ್ಮಲ್ಲಿ ಬಹುಕಾಲ ಈ ಚಿಕಿತ್ಸೆಯು ಎಳೆಯ ಮಕ್ಕಳಿಗೂ ಎಚ್.ಐ.ವಿ. ಸೋಂಕಿತರಿಗೂ ಸೀಮಿತವಾಗಿತ್ತು. 2021ರಲ್ಲಿ ಭಾರತ ಸರಕಾರವು ಹೊರಡಿಸಿದ ಮಾರ್ಗಸೂಚಿಯು ಇದನ್ನು ಶ್ವಾಸಕೋಶದ ಕ್ಷಯವುಳ್ಳವರ ಮನೆಯ ಎಲ್ಲ ವಯಸ್ಸಿನವರಿಗೂ ವಿಸ್ತರಿಸಿತು. ಆರೋಗ್ಯ ಕಾರ್ಯಕರ್ತರು ಇದನ್ನು ಟಿ.ಪಿ.ಟಿ. ಎಂದು ಕರೆಯುತ್ತಾರೆ.

ಇದರ ಕ್ರಮ ಸರಳವಾದುದು. ಮೊದಲು ಮನೆಯ ಪ್ರತಿಯೊಬ್ಬರಲ್ಲಿಯೂ ಕೆಮ್ಮು, ಜ್ವರ, ತೂಕ ಇಳಿಕೆ, ರಾತ್ರಿ ಬೆವರುವಿಕೆ ಇವೆಯೇ ಎಂದು ವಿಚಾರಿಸಬೇಕು. ಮಕ್ಕಳಲ್ಲಿ ತೂಕ ಏರದಿರುವುದನ್ನೂ ಲವಲವಿಕೆ ಕುಂದಿರುವುದನ್ನೂ ಗಮನಿಸಬೇಕು. ಇವುಗಳಲ್ಲಿ ಒಂದಿದ್ದರೂ ಕಫದ ಪರೀಕ್ಷೆ, ಎದೆಯ ಎಕ್ಸ್‌ರೇ ಆಗಬೇಕು. ರೋಗ ಇರುವವನಿಗೆ ಒಂದೇ ಔಷಧ ಕೊಟ್ಟರೆ ರೋಗಾಣು ಆ ಔಷಧಕ್ಕೆ ಬಗ್ಗದಂತಾಗುವ ಅಪಾಯವಿರುವುದರಿಂದ ಈ ಹಂತವನ್ನು ಎಂದಿಗೂ ಬಿಡುವಂತಿಲ್ಲ. ರೋಗವಿಲ್ಲವೆಂದು ಖಚಿತವಾದ ಐದು ವರ್ಷದೊಳಗಿನ ಮಕ್ಕಳಿಗೆ ಬೇರೆ ಪರೀಕ್ಷೆಗೆ ಕಾಯದೆ ಔಷಧ ಆರಂಭಿಸಬೇಕು. ದೊಡ್ಡವರಿಗೆ ಎಕ್ಸ್‌ರೇ ಹಾಗೂ ಸೋಂಕನ್ನು ತೋರಿಸುವ ಚರ್ಮದ ಅಥವಾ ರಕ್ತದ ಪರೀಕ್ಷೆಯ ಅನುಕೂಲವಿರುವೆಡೆ ಅದನ್ನು ಮಾಡಬೇಕು. ಅನುಕೂಲವಿಲ್ಲವೆಂಬ ಕಾರಣಕ್ಕೆ ಚಿಕಿತ್ಸೆಯನ್ನು ಮುಂದೂಡಬಾರದೆಂದು ಮಾರ್ಗಸೂಚಿಯೇ ಹೇಳುತ್ತದೆ.

ಔಷಧ ಎರಡು ಬಗೆಯಲ್ಲಿ ಕೊಡುವುದುಂಟು. ದಿನಕ್ಕೊಂದಾವರ್ತಿ ಐಸೋನಿಯಾಜಿಡ್‌ನ್ನು ಆರು ತಿಂಗಳು ಸೇವಿಸುವುದು ಒಂದು. ಐಸೋನಿಯಾಜಿಡ್ ಮತ್ತು ರಿಫಾಪೆಂಟೀನ್‌ಗಳನ್ನು ಕೂಡಿಸಿ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಸೇವಿಸುವುದು ಇನ್ನೊಂದು. ಒಂದರಲ್ಲಿ ನೂರೆಂಬತ್ತು ಸಲ, ಇನ್ನೊಂದರಲ್ಲಿ ಹನ್ನೆರಡೇ ಸಲ. ಯಾರಿಗೆ ಯಾವುದೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ಎರಡು ವರ್ಷದೊಳಗಿನ ಕೂಸುಗಳಿಗೂ ಗರ್ಭಿಣಿಯರಿಗೂ ಎರಡನೆಯ ಬಗೆ ಸಲ್ಲದು. ಯಕೃತ್ತಿನ ಬೇನೆಯುಳ್ಳವರ, ಅತಿಯಾಗಿ ಮದ್ಯ ಸೇವಿಸುವವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಔಷಧ ಸೇವಿಸುವಾಗ ಊಟ ಸೇರದಿರುವುದು, ವಾಂತಿ, ಕಣ್ಣು ಹಳದಿಯಾಗುವುದು, ಕೈಕಾಲು ಜೋಮು ಹಿಡಿಯುವುದು ಕಂಡರೆ ಒಡನೆಯೇ ಮಾತ್ರೆ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಜೋಮು ಬಾರದಂತೆ ಪಿರಿಡಾಕ್ಸಿನ್ ಎಂಬ ಜೀವಸತ್ತ್ವದ ಮಾತ್ರೆಯನ್ನು ಕೊಡುತ್ತಾರೆ. ಮನೆಯ ರೋಗಿಯ ಕ್ಷಯವು ಸಾಮಾನ್ಯ ಔಷಧಗಳಿಗೆ ಬಗ್ಗದ ಜಾತಿಯದಾಗಿದ್ದರೆ, ಮನೆಯವರ ಔಷಧವೂ ಬೇರೆಯಾಗುತ್ತದೆ. ಆದುದರಿಂದ ರೋಗಿಯ ಪರೀಕ್ಷಾಫಲವನ್ನು ನೋಡದೆ ಮನೆಯವರಿಗೆ ಮಾತ್ರೆ ಹಂಚುವುದು ತರವಲ್ಲ.

ಕಾಲುವೆಯಲ್ಲಿ ಸೋರಿಹೋಗುವ ನೀರು

ಕೆರೆಯ ತೂಬಿನಿಂದ ಹೊರಟ ನೀರು ಕಟ್ಟಕಡೆಯ ಗದ್ದೆಯನ್ನು ಮುಟ್ಟುವ ಮೊದಲು ಕಾಲುವೆಯ ಉದ್ದಕ್ಕೂ ಇಂಗಿ, ಸೋರಿ ಹೋಗುವುದನ್ನು ರೈತರು ಬಲ್ಲರು. ಈ ಚಿಕಿತ್ಸೆಯ ಸ್ಥಿತಿಯೂ ಅಂತಹುದೇ. ಹಲವು ದೇಶಗಳ ಅಧ್ಯಯನಗಳನ್ನು ಕ್ರೋಡೀಕರಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಪರೀಕ್ಷೆಗೆ ಒಳಗಾಗಬೇಕಾಗಿದ್ದ ನೂರು ಮಂದಿಯಲ್ಲಿ ಪರೀಕ್ಷೆ ಪೂರೈಸಿದವರು ಸುಮಾರು 72. ಚಿಕಿತ್ಸೆ ಆರಂಭಿಸಿದವರು ಸುಮಾರು 31. ಕೊನೆಮುಟ್ಟಿಸಿದವರು 19 ಮಾತ್ರ. ಔಷಧದ ಶಕ್ತಿ ಎಷ್ಟಿದ್ದರೇನು, ಅದು ಬಾಯಿಗೆ ಬೀಳದಿದ್ದರೆ ಫಲವಿಲ್ಲ. ಎಲ್ಲೆಲ್ಲಿ ಸೋರುತ್ತದೆಂಬುದನ್ನು ನಮ್ಮ ಊರಿನ ಸನ್ನಿವೇಶದಲ್ಲಿಟ್ಟು ನೋಡೋಣ.

ಬಾಗಲಗುಂಟೆ ಒಂದು ಕಾಲಕ್ಕೆ ಹೊಲ, ತೋಟ, ಕೆರೆಗಳ ನಡುವಣ ಹಳ್ಳಿ. ತುಮಕೂರು ರಸ್ತೆಯ ಪಕ್ಕದಲ್ಲಿ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆದಂತೆ ಇದು ದುಡಿಯುವವರ ಬೀಡಾಯಿತು. ಎರಕದ ಕಾರ್ಖಾನೆ, ಲೇತು, ಸಿದ್ಧ ಉಡುಪು, ಬಣ್ಣ ಲೇಪನ ಮೊದಲಾದ ಕೆಲಸಗಳಿಗಾಗಿ ಉತ್ತರ ಕರ್ನಾಟಕದಿಂದ, ಬಿಹಾರ, ಒಡಿಶಾಗಳಿಂದ ಬಂದವರು ಇಲ್ಲಿ ಬಾಡಿಗೆಯ ಒಂಟಿಕೋಣೆಗಳ ಸಾಲುಗಳಲ್ಲಿ ವಾಸಿಸುತ್ತಾರೆ. ಇಂತಹ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ತಂದೆ ಎರಕದ ಕಾರ್ಖಾನೆಯಲ್ಲಿ, ತಾಯಿ ಗಾರ್ಮೆಂಟ್ಸಿನಲ್ಲಿ. ಒಂಬತ್ತು ವರ್ಷದ ಮಗಳು ಶಾಲೆಯಲ್ಲಿ. ಮೂರು ವರ್ಷದ ಮಗ ಅಂಗನವಾಡಿಯಲ್ಲಿ. ಊರಿನಿಂದ ಬಂದ ಅಜ್ಜಿ ಮನೆಯಲ್ಲಿ. ತಂದೆಗೆ ಕೆಮ್ಮು. ರಜೆ ಹಾಕಿದರೆ ಆ ದಿನದ ಕೂಲಿ ಹೋಗುವುದೆಂದು ಅವನು ಔಷಧದಂಗಡಿಯ ಸಿರಪ್ಪಿನಲ್ಲಿಯೇ ಎರಡು ತಿಂಗಳು ಕಳೆದ ಮೇಲೆ ಕ್ಷಯವೆಂದು ತಿಳಿಯುತ್ತದೆ. ಆ ಎರಡು ತಿಂಗಳ ರಾತ್ರಿಗಳನ್ನು ಐವರೂ ಒಂದೇ ಕಿಟಕಿಯ ಕೋಣೆಯಲ್ಲಿ ಕಳೆದಿದ್ದಾರೆ.

ಮೊದಲ ಸೋರಿಕೆ ಪಟ್ಟಿಯಲ್ಲಿಯೇ ಆಗುತ್ತದೆ. ಆಸ್ಪತ್ರೆಯಲ್ಲಿ ಮನೆಯಲ್ಲಿ ಎಷ್ಟು ಮಂದಿ ಎಂದು ಕೇಳಿದಾಗ, ಪಡಿತರ ಚೀಟಿಯಲ್ಲಿರುವ ನಾಲ್ವರ ಹೆಸರನ್ನು ಹೇಳಿ ಅಜ್ಜಿಯನ್ನು ಮರೆಯುವುದುಂಟು. ಒಂಟಿ ಕಾರ್ಮಿಕರು ಕೂಡಿ ಹಿಡಿದ ಕೋಣೆಗಳಲ್ಲಂತೂ ಹಗಲುಪಾಳಿಯವನು ಎದ್ದ ಚಾಪೆಯ ಮೇಲೆ ರಾತ್ರಿಪಾಳಿಯವನು ಮಲಗುತ್ತಾನೆ; ಅವರು ಬಂಧುಗಳಲ್ಲವಾದುದರಿಂದ ಮನೆಯವರ ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಕುಟುಂಬದವರು ಯಾರು ಎಂದು ಕೇಳುವುದಕ್ಕಿಂತ, ಕಳೆದ ಮೂರು ತಿಂಗಳಲ್ಲಿ ಈ ಕೋಣೆಯಲ್ಲಿ ಮಲಗಿದವರು ಯಾರು ಯಾರು ಎಂದು ಕೇಳಿದರೆ ಈ ಸೋರಿಕೆ ಬಹುಪಾಲು ನಿಲ್ಲುತ್ತದೆ.

ಎರಡನೆಯದು ಭೇಟಿಯ ವೇಳೆ. ಆರೋಗ್ಯ ಕಾರ್ಯಕರ್ತೆ ಹಗಲು ಬರುತ್ತಾಳೆ. ಆಗ ಮನೆಯಲ್ಲಿ ಅಜ್ಜಿಯ ಹೊರತು ಯಾರೂ ಇಲ್ಲ. ಎಕ್ಸ್‌ರೇಗಾಗಿ ತಾಯಿ ಆಸ್ಪತ್ರೆಗೆ ಹೋಗಬೇಕಾದರೆ ಒಂದು ದಿನದ ಸಂಬಳ ಬಿಡಬೇಕು. ಭಾನುವಾರ ಮುಂಜಾನೆಯ ಅಥವಾ ಸಂಜೆಯ ತಪಾಸಣೆ, ಎಲ್ಲರಿಗೂ ಒಂದೇ ದಿನ ಒಂದೇ ಸ್ಥಳದಲ್ಲಿ ಪರೀಕ್ಷೆ, ಕೈಯಲ್ಲಿ ಒಯ್ಯಬಹುದಾದ ಎಕ್ಸ್‌ರೇ ಯಂತ್ರವನ್ನು ಬೀದಿಗೇ ತರುವುದು, ಇವೇ ಇದಕ್ಕೆ ಪರಿಹಾರ.

ಮೂರನೆಯ ಸೋರಿಕೆ ಮನಸ್ಸಿನಲ್ಲಿ. “ನನಗೇನೂ ಆಗಿಲ್ಲವಲ್ಲ, ಮಾತ್ರೆ ಏಕೆ ನುಂಗಲಿ?” ಎಂಬ ತಾಯಿಯ ಪ್ರಶ್ನೆ ಸಹಜವಾದುದು. ಇದನ್ನು ಹಠವೆಂದು ಬೈದು ಬಿಡುವುದರಿಂದ ಪ್ರಯೋಜನವಿಲ್ಲ. ಸೋಂಕಿಗೂ ರೋಗಕ್ಕೂ ಇರುವ ಅಂತರವನ್ನು ಅವಳ ಮಾತಿನಲ್ಲಿಯೇ ತಿಳಿಸಬೇಕು. ಮಾತ್ರೆಯಿಂದ ಆಗಬಹುದಾದ ತೊಂದರೆಯನ್ನೂ ಮುಚ್ಚಿಡದೆ ಹೇಳಬೇಕು. ಮೊದಲೇ ಹೇಳಿಸಿಕೊಂಡವಳು ಕಣ್ಣು ಹಳದಿಯಾದರೆ ಆಸ್ಪತ್ರೆಗೆ ಬರುತ್ತಾಳೆ. ಹೇಳಿಸಿಕೊಳ್ಳದವಳು ಮಾತ್ರೆಯನ್ನು ಎಸೆದು, ನೆರೆಮನೆಯವಳಿಗೂ ಬೇಡವೆನ್ನುತ್ತಾಳೆ. ರಿಫಾಪೆಂಟೀನ್ ಸೇವಿಸಿದಾಗ ಮೂತ್ರ ಕೆಂಪಾಗಿ ಕಾಣುವುದು ಅಪಾಯದ ಚಿಹ್ನೆಯಲ್ಲವೆಂಬ ಸಣ್ಣ ಸಂಗತಿಯನ್ನು ಮುಂಚಿತವಾಗಿ ತಿಳಿಸದಿದ್ದರೆ, ಎರಡನೆಯ ವಾರಕ್ಕೇ ಚಿಕಿತ್ಸೆ ನಿಂತೀತು.

ನಾಲ್ಕನೆಯದು ಮುಕ್ತಾಯದ ಮುನ್ನ. ಜಾತ್ರೆಗೆ, ಬಿತ್ತನೆಗೆ, ಬಾಣಂತನಕ್ಕೆ ಊರಿಗೆ ಹೋದವರು ಮಾತ್ರೆಯನ್ನು ಇಲ್ಲಿಯೇ ಬಿಟ್ಟು ಹೋಗುತ್ತಾರೆ. ಹೋಗುವ ಮುನ್ನ ತಿಳಿಸಿದರೆ ಮುಂದಿನ ವಾರಗಳ ಔಷಧವನ್ನು ಕೊಟ್ಟು ಕಳುಹಿಸಬಹುದು, ಇಲ್ಲವೇ ಆ ಊರಿನ ಆರೋಗ್ಯ ಕೇಂದ್ರಕ್ಕೆ ವರ್ಗಾಯಿಸಬಹುದು. 2012ರಲ್ಲಿ ಆರಂಭವಾದ ನಿಕ್ಷಯ್ ಎಂಬ ಗಣಕಯಂತ್ರದ ದಾಖಲೆ ವ್ಯವಸ್ಥೆಯಿಂದ ಈ ವರ್ಗಾವಣೆ ಸಾಧ್ಯವಿದೆ. ತಂದೆಯ ಮಾತ್ರೆ ಮತ್ತು ಮನೆಯವರ ಮಾತ್ರೆಗಳನ್ನು ಒಂದೇ ವೇಳೆಗೆ, ಒಂದೇ ಕಡೆ ಕೂತು ಸೇವಿಸುವ ಪದ್ಧತಿ ಮಾಡಿಕೊಂಡರೆ ಒಬ್ಬರು ಮರೆತುದನ್ನು ಇನ್ನೊಬ್ಬರು ನೆನಪಿಸುತ್ತಾರೆ.

ಅನ್ನದ ಮಹತ್ತ್ವ

ಮಾತ್ರೆಯ ಜೊತೆಗೆ ಹೇಳಲೇಬೇಕಾದುದು ಅನ್ನದ ಮಾತು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರು ತಮ್ಮ ಸಂಗಡಿಗರೊಡನೆ ಝಾರ್ಖಂಡ್ ರಾಜ್ಯದ ನಾಲ್ಕು ಜಿಲ್ಲೆಗಳಲ್ಲಿ 2019ರಿಂದ 2022ರವರೆಗೆ ಒಂದು ಪ್ರಯೋಗ ನಡೆಸಿದರು. ಸುಮಾರು 2,800 ರೋಗಿಗಳೂ ಅವರ ಮನೆಯ 10,345 ಮಂದಿಯೂ ಇದರಲ್ಲಿದ್ದರು. ರೋಗಿಗಳೆಲ್ಲರಿಗೂ ಆಹಾರಧಾನ್ಯ ಕೊಡಲಾಯಿತು. ಒಂದು ಗುಂಪಿನ ಮನೆಗಳಲ್ಲಿ ಮಾತ್ರ, ರೋಗಿಯ ಜೊತೆಗೆ ಮನೆಯ ಪ್ರತಿಯೊಬ್ಬ ವಯಸ್ಕರಿಗೂ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಮಕ್ಕಳಿಗೆ ಅದರ ಅರ್ಧ ದೊರೆಯಿತು. 2023ರ ಆಗಸ್ಟಿನಲ್ಲಿ ಪ್ರಕಟವಾದ ಫಲಿತಾಂಶದಂತೆ, ಆಹಾರ ಪಡೆದ ಮನೆಯವರಲ್ಲಿ ಹೊಸದಾಗಿ ಕ್ಷಯ ಬರುವುದು ಶೇ. 39ರಷ್ಟು ಕಡಮೆಯಾಯಿತು, ಕಫದ ಮೂಲಕ ಹರಡಬಲ್ಲ ಕ್ಷಯವು ಶೇ. 48ರಷ್ಟು ಕುಗ್ಗಿತು. ಸುಮಾರು ಮೂವತ್ತು ಮನೆಗಳಿಗೆ ಹೀಗೆ ಅನ್ನವಿತ್ತರೆ ಒಬ್ಬನಿಗೆ ಬರಬೇಕಾಗಿದ್ದ ಕ್ಷಯ ತಪ್ಪುತ್ತದೆಂಬುದು ಅವರ ಲೆಕ್ಕ.

ಅಕ್ಕಿಬೇಳೆಗಳಿಂದ ಕ್ಷಯ ತಪ್ಪುತ್ತದೆಂಬ ಈ ತೀರ್ಮಾನವು ದಾಸೋಹದ ಪರಂಪರೆಯಲ್ಲಿ ಬೆಳೆದ ನಮಗೆ ಅಚ್ಚರಿಯನ್ನು ಉಂಟುಮಾಡಬೇಕಾಗಿಲ್ಲ. ತುಮಕೂರಿನ ಶ್ರೀ ಸಿದ್ಧಗಂಗಾ ಕ್ಷೇತ್ರದಂತಹ ಮಠಗಳು ಬಡಮಕ್ಕಳಿಗೆ ಜಾತಿಮತಗಳನ್ನೆಣಿಸದೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡಿದುದು ನಾಡಿಗೆಲ್ಲ ತಿಳಿದ ಸಂಗತಿ. ಆ ಅನ್ನವು ಹಸಿವನ್ನು ಹಿಂಗಿಸಿದ ಹಾಗೆಯೇ, ಅದೆಷ್ಟು ಮಕ್ಕಳ ಒಳಗಿನ ಕೆಂಡವನ್ನು ಆರಿಸಿದ್ದೀತೋ ಲೆಕ್ಕವಿಟ್ಟವರಾರು! ಸರಕಾರವೂ ಈ ಮಾತನ್ನು ಮನಗಂಡಿದೆ. 2018ರ ಏಪ್ರಿಲಿನಿಂದ ರೋಗಿಗೆ ತಿಂಗಳಿಗೆ 500 ರೂಪಾಯಿ ಪೌಷ್ಟಿಕ ನೆರವು ಆರಂಭವಾಗಿ, 2024ರ ನವೆಂಬರಿನಿಂದ ಅದು 1,000 ರೂಪಾಯಿಗೆ ಏರಿತು. ದಾನಿಗಳೂ ಸಂಸ್ಥೆಗಳೂ ರೋಗಿಗಳಿಗೆ ಆಹಾರದ ಬುಟ್ಟಿ ನೀಡುವ ನಿಕ್ಷಯ್ ಮಿತ್ರ ಯೋಜನೆಯು 2022ರಲ್ಲಿ ಪ್ರಾರಂಭವಾಯಿತು; 2024ರಲ್ಲಿ ಮನೆಯವರಿಗೂ ಅದನ್ನು ವಿಸ್ತರಿಸಲಾಯಿತು.

ಶಾಲೆಯ ಕರ್ತವ್ಯ

ಇಷ್ಟನ್ನು ತಿಳಿದ ಮೇಲೆ ಉಪಾಧ್ಯಾಯರು, ಹಳೆಯ ವಿದ್ಯಾರ್ಥಿಗಳು, ದಾನಿಗಳು ಮಾಡಬಹುದಾದುದೇನು? ಮೇಲೆ ಕಲ್ಪಿಸಿಕೊಂಡ ಮನೆಯ ಒಂಬತ್ತು ವರ್ಷದ ಮಗಳು ನಮ್ಮ ತರಗತಿಯಲ್ಲಿ ಕೂತಿದ್ದಾಳೆಂದೇ ಭಾವಿಸೋಣ. ಮೊದಲನೆಯದಾಗಿ, ಅವಳನ್ನು ಶಾಲೆಯಿಂದ ಬಿಡಿಸಬಾರದು. ಹಿಂದಿನ ಬೆಂಚಿಗೆ ಸರಿಸಬಾರದು. ರೋಗವಿಲ್ಲವೆಂದು ಪರೀಕ್ಷೆಯಲ್ಲಿ ತಿಳಿದು ಮುನ್ನೆಚ್ಚರಿಕೆಯ ಮಾತ್ರೆ ಸೇವಿಸುವ ಮಗುವಿನಿಂದ ಯಾರಿಗೂ ಏನೂ ತಗುಲುವುದಿಲ್ಲ. ತಟ್ಟೆ, ಲೋಟ, ಬಟ್ಟೆಗಳಿಂದ ಕ್ಷಯ ಹರಡುವುದೂ ಇಲ್ಲ. ಎರಡನೆಯದಾಗಿ, ಅವಳ ಮನೆಯ ವಿಷಯವನ್ನು ತರಗತಿಯಲ್ಲಿ ಎತ್ತಬಾರದು. ತಂದೆಯ ಕಾಯಿಲೆ ಬಯಲಾದರೆ ಮನೆಯ ಮಾಲೀಕ ಕೋಣೆ ಖಾಲಿ ಮಾಡಿಸುವ, ಕಾರ್ಖಾನೆಯವರು ಕೆಲಸದಿಂದ ತೆಗೆಯುವ ಭಯವಿರುವಾಗ, ಗುರುಗಳ ಬಾಯಿಂದ ಜಾರಿದ ಒಂದು ಮಾತು ಆ ಕುಟುಂಬವನ್ನು ಚಿಕಿತ್ಸೆಯಿಂದಲೇ ದೂರ ಮಾಡೀತು.

ಮೂರನೆಯದಾಗಿ, ಗಮನಿಸುವ ಕಣ್ಣು ಬೇಕು. ಎರಡು ವಾರ ಬಿಡದ ಕೆಮ್ಮು, ಇಳಿಯುತ್ತಿರುವ ತೂಕ, ಆಟದಲ್ಲಿ ಬೇಗನೆ ಸೋಲುವುದು, ಇವು ಹಾಜರಿ ಪುಸ್ತಕಕ್ಕಿಂತ ಮೊದಲು ಗುರುವಿಗೆ ಕಾಣಬೇಕು. ವರ್ಷಕ್ಕೆರಡು ಸಲ ಮಕ್ಕಳ ತೂಕ, ಎತ್ತರಗಳನ್ನು ಬರೆದಿಡುವುದು ಖರ್ಚಿಲ್ಲದ ಕೆಲಸ. ಸಂಶಯ ಬಂದಾಗ ತಾಯಿತಂದೆಯರನ್ನು ಏಕಾಂತದಲ್ಲಿ ಕರೆದು, ಹತ್ತಿರದ ಸರಕಾರಿ ಆಸ್ಪತ್ರೆಗೆ ಕಳುಹಿಸಬೇಕು. ರೋಗಿಯ ಮನೆಯವರ ಮೇಲೆ ಎರಡು ವರ್ಷಗಳವರೆಗೆ ಈ ಎಚ್ಚರ ಇರಬೇಕು. ಏಕೆಂದರೆ ಅಪಾಯ ಹೆಚ್ಚಾಗಿರುವುದು ಆ ಅವಧಿಯಲ್ಲಿಯೇ. ತರಗತಿಯ ಕಿಟಕಿಗಳನ್ನು ಹಗಲೆಲ್ಲ ತೆರೆದಿಡುವುದೂ, ಕೆಮ್ಮುವಾಗ ಬಾಯಿಗೆ ಬಟ್ಟೆ ಅಡ್ಡ ಹಿಡಿಯುವುದನ್ನು ಮಕ್ಕಳಿಗೆ ಕಲಿಸುವುದೂ ಇದರ ಅಂಗಗಳೇ.

ದಾನಿಗಳಲ್ಲಿ ಒಂದು ಬಿನ್ನಹ. ಶಾಲೆಯ ಕಟ್ಟಡಕ್ಕೆ ಕೊಟ್ಟ ಹಣಕ್ಕೆ ಕಲ್ಲಿನ ಮೇಲೆ ಹೆಸರು ಮೂಡುತ್ತದೆ. ಮೂವತ್ತು ಮನೆಗಳಿಗೆ ಆರು ತಿಂಗಳು ಅಕ್ಕಿಬೇಳೆ ಕೊಟ್ಟರೆ ಯಾವ ಹೆಸರೂ ಮೂಡುವುದಿಲ್ಲ. ಯಾರಿಗೆ ರೋಗ ಬರಲಿಲ್ಲವೆಂಬುದನ್ನು ಬೆರಳು ಮಾಡಿ ತೋರಿಸಲೂ ಬರುವುದಿಲ್ಲ. ಬಾರದ ರೋಗಕ್ಕೆ ಸಾಕ್ಷಿಯಿಲ್ಲ. ಕೊಡುವವನಲ್ಲಿ ಕೊಟ್ಟೆನೆಂಬ ಭಾವವೂ, ಪಡೆಯುವವನಲ್ಲಿ ಕುಗ್ಗಿದೆನೆಂಬ ಭಾವವೂ ಇರಬಾರದೆಂಬುದೇ ದಾಸೋಹದ ಮರ್ಮ. ಆದುದರಿಂದ ಬುಟ್ಟಿಯನ್ನು ಕೊಡುವಾಗ ರೋಗಿಯನ್ನು ವೇದಿಕೆಗೆ ಕರೆದು ಭಾವಚಿತ್ರ ತೆಗೆಸುವ ಪದ್ಧತಿಯನ್ನು ಬಿಡುವುದು ಲೇಸು. ಧಾನ್ಯವು ಸದ್ದಿಲ್ಲದೆ ಮನೆ ಸೇರಲಿ. ಕಾರ್ಖಾನೆಗಳಲ್ಲಿ ಅಧಿಕಾರ ಸ್ಥಾನದಲ್ಲಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಕಾರ್ಮಿಕರಿಗೆ ತಪಾಸಣೆಗಾಗಿ ಒಂದು ದಿನದ ಸಂಬಳಸಹಿತ ರಜೆ ಕೊಡಿಸಿದರೆ, ಚಿಕಿತ್ಸೆಯಲ್ಲಿರುವವನ ಕೆಲಸವನ್ನು ಉಳಿಸಿದರೆ, ಅದು ಧಾನ್ಯದಾನಕ್ಕೆ ಕಡಮೆಯಾದುದಲ್ಲ.

ಕ್ಷಯದ ಔಷಧವನ್ನು ವಿಜ್ಞಾನ ಕೊಟ್ಟಿದೆ. ಅದರ ಬೆಲೆಯನ್ನು ಸರಕಾರ ಭರಿಸಿದೆ. ಉಳಿದಿರುವುದು ಕಾಲುವೆಯ ಕೊನೆಯ ಗಜಗಳು: ಒಂದು ಹೆಸರು ಪಟ್ಟಿಯಿಂದ ಬಿಟ್ಟುಹೋಗದಂತೆ ನೋಡುವುದು, ಒಬ್ಬ ತಾಯಿಯ ಪ್ರಶ್ನೆಗೆ ತಾಳ್ಮೆಯಿಂದ ಉತ್ತರ ಹೇಳುವುದು, ಹನ್ನೆರಡು ವಾರಗಳ ಮಾತ್ರೆಯಲ್ಲಿ ಹನ್ನೆರಡನೆಯದೂ ಬಾಯಿಗೆ ಬೀಳುವಂತೆ ಮಾಡುವುದು. ಇವು ಆಸ್ಪತ್ರೆಯ ಗೋಡೆಯ ಹೊರಗಿನ ಕೆಲಸಗಳು. ನೆರೆಹೊರೆಯವರು, ಗುರುಗಳು ಮಾಡಬೇಕಾದವು. ಈ ವರ್ಷ ನಮ್ಮ ಸುತ್ತಣ ಬೀದಿಗಳಲ್ಲಿ ಕ್ಷಯವೆಂದು ತಿಳಿದುಬರುವ ಪ್ರತಿಯೊಂದು ಹೆಸರಿನ ಹಿಂದೆ ಒಂದು ಮನೆಯಿದೆಯೆಂದು ನೆನೆದು, ಆ ಮನೆಯ ಮಗುವೊಂದು ನಮ್ಮ ಶಾಲೆಯಲ್ಲಿದ್ದರೆ ಅದು ರೋಗವಿಲ್ಲದೆ ಮುಂದಿನ ತರಗತಿಗೆ ಹೋಗುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕಾಯಕವಾಗಲಿ.